ಮೊದಲು ಒಲೆಯ ಮೇಲಿನ ಮಡಕೆ: ಹಾಡಿ, ಪೋಡುಗಳಲ್ಲಿ ಕಾಡು ಮತ್ತು ಊಟದ ಕೆಲಸಕ್ಕೆ ಇಳಿಯುವವರಿಗೆ

ಕೆಲಸಕ್ಕೆ ಸೇರಿದ ಮೊದಲ ವರ್ಷ ನಮ್ಮ ತಂಡ ಕಾಡಂಚಿನ ನಾಲ್ಕು ಹಾಡಿಗಳಿಗೆ, ಅಂದರೆ ಆದಿವಾಸಿ ಕೇರಿಗಳಿಗೆ, ಕೈತೋಟದ ಬೀಜದ ಪೊಟ್ಟಣ ಹಂಚಿತು. ಒಳಗೆ ಬೀಟ್‌ರೂಟ್, ಮೂಲಂಗಿ, ಹೂಕೋಸು. ಹೂಕೋಸು ಯಾರಿಗೂ ಬೇಕಿರಲಿಲ್ಲ. ಬೀಟ್‌ರೂಟ್ ಬೇಕಾಗಿದ್ದದ್ದು ಕಾಡುಹಂದಿಗೆ. ಬೇಲಿ ನುಗ್ಗಿ ಬಂದ ಹಂದಿಗಳು ಪಕ್ಕದ ಅವರೆಯನ್ನೂ ತುಳಿದು ಹೋದವು. ವರದಿಯಲ್ಲಿ ಮಾತ್ರ ‘ಇಷ್ಟು ಕುಟುಂಬಗಳಿಗೆ ಪೌಷ್ಟಿಕ ಕೈತೋಟ’ ಎಂದು ಬರೆದೆವು. ಅದೇ ಮಳೆಗಾಲದಲ್ಲಿ ಅದೇ ಹಾಡಿಯ ಹೆಂಗಸರು ದಿನಾ ಸಂಜೆ ಮಡಿಲು ತುಂಬ ಸೊಪ್ಪು ತರುತ್ತಿದ್ದರು. ಅದರಲ್ಲಿ ಒಂದರ ಹೆಸರೂ ನಮ್ಮ ವರದಿಯಲ್ಲಿ ಇರಲಿಲ್ಲ.

ಸಂಸ್ಥೆಗಳ ಯೋಜನೆಗಳಲ್ಲಿ ಸಂರಕ್ಷಣೆ ಒಂದು ಅಧ್ಯಾಯ, ಆಹಾರ ಇನ್ನೊಂದು, ಜೀವನೋಪಾಯ ಮತ್ತೊಂದು. ಹಾಡಿಯಲ್ಲಿ ಹಾಗೆ ಮೂರು ಕಪಾಟುಗಳಿಲ್ಲ. ಸೊಪ್ಪಿಗೆ ಹೋಗುವ ದಾರಿಯೇ ದೇವರ ಕಲ್ಲಿಗೆ ಹೋಗುವ ದಾರಿ. ಅದೇ ದಾರಿಯಲ್ಲಿ ಆನೆ ಲದ್ದಿ ಹಸಿಯಾಗಿದ್ದರೆ ಅವತ್ತು ಯಾರೂ ಆ ಕಡೆ ಹೋಗುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು, ಹೊರಗಿನವರಾಗಲಿ ಹಾಡಿಯದೇ ಓದಿದ ಹುಡುಗ ಹುಡುಗಿಯರಾಗಲಿ, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಇಡಬೇಕು ಎಂದು ಇಲ್ಲಿ ಬರೆದಿದ್ದೇನೆ. ನನ್ನ ಮಟ್ಟಿಗೆ ಕ್ರಮ ಇಷ್ಟೇ: ಮೊದಲು ಮನೆಯ ಮಡಕೆ, ಆಮೇಲೆ ಗ್ರಾಮಸಭೆ, ಆಮೇಲೆ ಕಾಡು ಮತ್ತು ಹೊಲ. ಎಲ್ಲ ಆದ ಮೇಲೆ ಮಾರುಕಟ್ಟೆ. ಬಹಳಷ್ಟು ಯೋಜನೆಗಳು ಇದನ್ನು ತಲೆಕೆಳಗು ಮಾಡಿ ಜೇನು ಬಾಟಲಿಯ ಲೇಬಲ್ಲಿನಿಂದ ಶುರು ಮಾಡುತ್ತವೆ.

ಹೊರಡುವ ಮುನ್ನ

‘ಆದಿವಾಸಿ ಊರು’ ಅನ್ನುವ ಒಂದೇ ಥರದ ಊರು ಕರ್ನಾಟಕದಲ್ಲಿ ಇಲ್ಲ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರದು ಪೋಡು. ಹುಣಸೂರು, ಎಚ್‌.ಡಿ. ಕೋಟೆ, ಕೊಡಗಿನ ಜೇನುಕುರುಬರು, ಬೆಟ್ಟಕುರುಬರು, ಯರವರದು ಹಾಡಿ. ಉತ್ತರ ಕನ್ನಡದಲ್ಲಿ ಸಿದ್ದಿಯರು, ಕುಣಬಿಯರು. ಕರಾವಳಿಯಲ್ಲಿ ಕೊರಗರು, ಮಲೆಕುಡಿಯರು. ಊಟ ಬೇರೆ, ನುಡಿ ಬೇರೆ, ಕಾಗದದ ಸ್ಥಿತಿಯೂ ಬೇರೆ. ಜೇನುಕುರುಬರು ಮತ್ತು ಕೊರಗರು ‘ವಿಶೇಷ ದುರ್ಬಲ’ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ, ಅವರಿಗೆ ಬರುವ ಯೋಜನೆಗಳು ಬೇರೆ. ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಕುಣಬಿಯರು ಗೋವಾದಲ್ಲಿ ಪರಿಶಿಷ್ಟ ಪಂಗಡ, ಗಡಿಯ ಈಚೆ ಉತ್ತರ ಕನ್ನಡದ ಜೋಯಿಡಾದಲ್ಲಿ ಅಲ್ಲ. ಹಾಗಾಗಿ ಅರಣ್ಯ ಹಕ್ಕಿನ ಅರ್ಜಿಯಲ್ಲಿ ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾಗಿ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು.

ಇನ್ನೂ ಮುಖ್ಯವಾದ ವ್ಯತ್ಯಾಸ ಒಂದಿದೆ. ಕಾಡೊಳಗಿನ ಪೋಡು, ಕಾಡಿನಿಂದ ಹೊರಗೆ ತಂದು ಕೂರಿಸಿದ ಪುನರ್ವಸತಿ ಕಾಲೊನಿ, ಕಾಫಿ ತೋಟದ ಕೂಲಿಯವರ ಸಾಲುಮನೆಯಾದ ಲೈನ್ ಮನೆ, ಈ ಮೂರಕ್ಕೂ ಒಂದೇ ಯೋಜನೆ ಆಗುವುದಿಲ್ಲ. ಲೈನ್ ಮನೆಯ ಯರವರಿಗೆ, ಪಣಿಯರಿಗೆ ಬಾಗಿಲ ಮುಂದಿನ ಒಂದು ಗೇಣು ನೆಲವೂ ತೋಟದ ಯಜಮಾನರದು. ಅಲ್ಲಿಗೆ ಕೈತೋಟದ ಯೋಜನೆ ಬರೆಯುವುದು ತಮಾಷೆ ಮಾಡಿದ ಹಾಗೆ. ಅಲ್ಲಿ ಪಡಿತರ ಚೀಟಿ, ಅಂಗನವಾಡಿ ದಾಖಲಾತಿ, ನಿವೇಶನದ ಅರ್ಜಿ ಇವೇ ಆಹಾರದ ಕೆಲಸ.

ಒಂದು ಮಳೆಗಾಲ ಉಣ್ಣಿ

ಮೊದಲ ಮೂರು ನಾಲ್ಕು ತಿಂಗಳು ಏನನ್ನೂ ಆರಂಭಿಸಬೇಡಿ. ಸಾಧ್ಯವಾದರೆ ಆ ತಿಂಗಳುಗಳು ಮಳೆಗಾಲದವಾಗಿರಲಿ. ಬೇಸಿಗೆಯಲ್ಲಿ ಹೋದವರಿಗೆ ಹಾಡಿ ಬಡವಾಗಿ ಕಾಣುತ್ತದೆ, ಸುಗ್ಗಿಯಲ್ಲಿ ಹೋದವರಿಗೆ ತುಂಬಿದ ಹಾಗೆ ಕಾಣುತ್ತದೆ. ಎರಡೂ ಪೂರ್ತಿ ನಿಜವಲ್ಲ. ಆಷಾಢ, ಶ್ರಾವಣದಲ್ಲಿ ಮನೆಯ ರಾಗಿ ಮುಗಿದಿರುತ್ತದೆ, ಹೊಸದು ತೆನೆಗಟ್ಟಿರುವುದಿಲ್ಲ, ಮಳೆಗೆ ಕೂಲಿಯೂ ಇರುವುದಿಲ್ಲ. ಆಗ ಮಡಕೆಯಲ್ಲಿ ಏನು ಬೇಯುತ್ತದೆ ಎಂಬುದನ್ನು ಕಂಡವರಿಗೆ ಈ ಕೆಲಸದ ಅರ್ಧ ಅರ್ಥವಾಗುತ್ತದೆ.

ಪಟ್ಟಿ ಹಿಡಿದು ‘ನೀವು ಯಾವ ಯಾವ ಸೊಪ್ಪು ತಿನ್ನುತ್ತೀರಿ’ ಎಂದು ಕೇಳಿದರೆ ನಾಲ್ಕು ಹೆಸರು ಬರುತ್ತವೆ. ಮಳೆ ಬಿದ್ದ ಮಾರನೆ ದಿನ ಜೊತೆಗೆ ಹೋದರೆ ಮೂವತ್ತು ಸಿಗುತ್ತವೆ. ಒಬ್ಬ ಸೋಲಿಗ ಅಜ್ಜಿ ನನ್ನ ಪುಸ್ತಕ ನೋಡಿ, ‘ಬರ್ಕೊಳ್ಳೋಕೆ ಕೇಳ್ತಿದ್ದೀಯೋ, ತಿನ್ನೋಕೆ ಕೇಳ್ತಿದ್ದೀಯೋ?’ ಅಂದಿದ್ದರು. ತಿನ್ನೋಕೆ ಅಂದೆ. ಹಾಗಾದರೆ ಪುಸ್ತಕ ಒಳಗಿಡು, ಕತ್ತಿ ಹಿಡ್ಕೊ ಅಂದರು.

ಊಟದ ಪಂಚಾಂಗ ಮಾಡುವ ಸುಲಭದ ದಾರಿ ಇದು. ಹೆಂಗಸರು ಬಿಡುವಾಗಿ ಕೂತ ಸಂಜೆ, ಸಗಣಿ ಸಾರಿಸಿದ ಅಂಗಳದಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಚೌಕ ಬರೆಯಿರಿ. ತಿಂಗಳಿನ ಇಂಗ್ಲಿಷ್ ಹೆಸರು ಬೇಡ. ಮಳೆಯ ನಕ್ಷತ್ರದ ಲೆಕ್ಕ ಅವರಿಗೆ ಬಾಯಲ್ಲೇ ಇರುತ್ತದೆ, ಇಲ್ಲದಿದ್ದರೆ ‘ಜೇನಿನ ಕಾಲ’, ‘ನೆಲ್ಲಿ ಕಾಲ’, ‘ರಾಗಿ ಕೊಯ್ಲು’ ಎಂದರೂ ಆಗುತ್ತದೆ. ಪ್ರತಿ ಚೌಕದಲ್ಲಿ ಹುಣಸೆ ಬೀಜ ಇಡಲು ಹೇಳಿ: ಮನೆಯ ಹೊಲದ್ದು ಎಷ್ಟು, ಕಾಡಿನದು ಎಷ್ಟು, ರೇಷನ್ನಿನದು ಎಷ್ಟು, ಸಾಲದ ಅಂಗಡಿಯದು ಎಷ್ಟು. ಕೊನೆಯ ಲೆಕ್ಕವನ್ನು ಕೇಳಲು ಮುಜುಗರವಾಗುತ್ತದೆ. ಆದರೂ ಕೇಳಿ. ಸಾಲಕ್ಕೆ ಪ್ರತಿಯಾಗಿ ಜೇನನ್ನು ಕಡಿಮೆ ಬೆಲೆಗೆ ಮುಂಗಡ ಬರೆದುಕೊಳ್ಳುವವರು ಹುಟ್ಟುವುದು ಅಲ್ಲಿಯೇ.

ಹೆಸರುಗಳನ್ನು ಅವರ ನುಡಿಯಲ್ಲೇ ಬರೆಯಿರಿ. ಪೇಟೆಯಲ್ಲಿ ನಾವು ಎಲ್ಲವನ್ನೂ ‘ಬೆರಕೆ ಸೊಪ್ಪು’ ಎಂದು ಒಂದೇ ಕಟ್ಟಿಗೆ ಕಟ್ಟುತ್ತೇವೆ. ಅಲ್ಲಿ ಬಾಣಂತಿಗೆ ಕೊಡುವ ಸೊಪ್ಪು ಬೇರೆ, ಚಿಗುರಿನಲ್ಲಿ ಮಾತ್ರ ತಿನ್ನುವುದು ಬೇರೆ, ಬೇಯಿಸಿ ಬಸಿದು ನೀರು ಚೆಲ್ಲಬೇಕಾದ್ದು ಬೇರೆ. ಅಡುಗೆಯ ಕ್ರಮವನ್ನು ಹೆಸರಿನ ಜೊತೆಗೇ ಬರೆಯದಿದ್ದರೆ ಪಟ್ಟಿ ಅಪಾಯಕಾರಿ. ನೂರೆ ಗೆಣಸನ್ನು ಸುಟ್ಟು ತಿನ್ನಬಹುದು. ಆದರೆ ಕಾಡಿನ ಕೆಲವು ಕಹಿ ಗೆಣಸುಗಳನ್ನು ಹೆಚ್ಚಿ, ಹರಿಯುವ ನೀರಿನಲ್ಲಿ ಇಟ್ಟು, ಮತ್ತೆ ಬೇಯಿಸಿದ ಮೇಲೆಯೇ ಬಾಯಿಗಿಡುವುದು. ಕಣಿಲೆಯೂ ಹಾಗೆಯೇ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿದ ಮೇಲೆಯೇ ಪಲ್ಯ. ಅಜ್ಜಿಯಂದಿರು ಇದನ್ನು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು ಎಂದುಕೊಂಡಿರುತ್ತಾರೆ. ಹಾಸ್ಟೆಲಿನಲ್ಲಿ ಬೆಳೆದ ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ.

ಒಂದು ಎಚ್ಚರಿಕೆ. ಹಳಬರು ಊಟದ ನೆನಪು ತೆಗೆದರೆ ಮಾಂಸದ ಮಾತು ಬಂದೇ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ನಿಮ್ಮ ಕಾರ್ಯಕ್ರಮ ಅದರ ಹತ್ತಿರವೂ ಹೋಗುವಂತಿಲ್ಲ. ಆದರೆ ಕೇಳಿದ್ದನ್ನೆಲ್ಲ ಹೆಸರು, ಊರು ಸಮೇತ ಪುಸ್ತಕಕ್ಕೆ ಇಳಿಸಲೂ ಬೇಡಿ. ನಿಮ್ಮ ಟಿಪ್ಪಣಿ ಯಾರ ಮೇಜಿಗೆ ಹೋಗುತ್ತದೋ ನಿಮಗೆ ಗೊತ್ತಿಲ್ಲ. ಮುದುಕರೊಬ್ಬರ ಐವತ್ತು ವರ್ಷದ ಹಿಂದಿನ ನೆನಪು ಅವರ ಮಗನ ಮೇಲಿನ ಕೇಸಾಗಬಾರದು.

ಆಮೇಲೆ ಗ್ರಾಮಸಭೆ

ಕಾಡಿನ ಯಾವ ಕೆಲಸಕ್ಕೂ ಯಾರ ಒಪ್ಪಿಗೆ ಬೇಕು ಎಂದು ಕೇಳಿದರೆ ಹೊಸಬರೆಲ್ಲ ‘ಫಾರೆಸ್ಟ್‌ನವರದು’ ಅನ್ನುತ್ತಾರೆ. ಅವರೊಂದಿಗೆ ಮಾತು ಇರಬೇಕು ನಿಜ, ಗಾರ್ಡ್‌ನಿಂದ ರೇಂಜರ್‌ವರೆಗೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಜೇನು, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನದ ಒಡೆತನ, ಸಮುದಾಯ ಅರಣ್ಯ ಸಂಪನ್ಮೂಲವನ್ನು (ಊರಿನವರು ಹಿಂದಿನಿಂದ ಬಳಸುತ್ತಾ ಬಂದ ಕಾಡನ್ನು) ಕಾಪಾಡುವ, ನಿರ್ವಹಿಸುವ ಹಕ್ಕು ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ. ವನ್ಯಜೀವಿ, ನೀರಿನ ಸೆಲೆ, ಜೀವವೈವಿಧ್ಯ ಕಾಯುವ ಅಧಿಕಾರವನ್ನು 5ನೇ ಸೆಕ್ಷನ್ ಗ್ರಾಮಸಭೆಗೆ ಕೊಡುತ್ತದೆ. ಸಂರಕ್ಷಣೆ ಎಂದರೆ ಹಾಡಿಯವರನ್ನು ಕಾಡಿನಿಂದ ದೂರ ಇಡುವುದು ಎಂದುಕೊಂಡು ಬಂದವರು ಈ ಎರಡು ಸೆಕ್ಷನ್ನುಗಳನ್ನು ಒಮ್ಮೆ ಓದಬೇಕು.

ಬಿಳಿಗಿರಿರಂಗನ ಬೆಟ್ಟದ ಕಥೆ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ನೆಲ್ಲಿ, ಜೇನು, ಪಾಚಿ, ಸೀಗೆ ಸಂಗ್ರಹಿಸಿ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಟ್ಟು ಬದುಕುತ್ತಿದ್ದ ಸೋಲಿಗರಿಗೆ 2006ರ ಹೊತ್ತಿಗೆ ಸಂಗ್ರಹವೇ ನಿಂತುಹೋಯಿತು. ಅಭಯಾರಣ್ಯದಿಂದ ಮಾರಾಟಕ್ಕೆ ಏನೂ ತರುವಂತಿಲ್ಲ ಎಂಬ ನಿಯಮ ಬಿಗಿಯಾಯಿತು. 2011ರ ಆರಂಭದಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿಯ ಕಾಡೊಳಗೆ ಇಂಥ ಹಕ್ಕು ಸಿಕ್ಕವರಲ್ಲಿ ದೇಶದಲ್ಲೇ ಸೋಲಿಗರು ಮೊದಲಿಗರು. ಕಾಡಿನಲ್ಲಿರುವ ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇವೆಲ್ಲ ಎಲ್ಲೆಲ್ಲಿವೆ ಎಂದು ಅವರು ನಕ್ಷೆ ಮಾಡಿಟ್ಟಿದ್ದರು. ಒಂದೊಂದು ಕುಲದ ಎಲ್ಲೆಗೂ ಇಂಥ ಜಾಗಗಳಿವೆ. ಊಟದ ಪಂಚಾಂಗ ಮಾಡುವಾಗ ‘ಇದು ಎಲ್ಲಿ ಸಿಗುತ್ತದೆ’ ಎಂದು ಕೇಳಿ ಜಿಪಿಎಸ್‌ನಲ್ಲಿ ಗುರುತಿಸಿದರೆ ನಿಮ್ಮ ಹಾಡಿಗೂ ಅಂಥ ನಕ್ಷೆ ಸಿದ್ಧವಾಗುತ್ತದೆ. ನಕ್ಷೆಯ ಪ್ರತಿ ಮಾತ್ರ ಹಾಡಿಯಲ್ಲೇ ಉಳಿಯಲಿ.

ಅರ್ಜಿಯ ದಾರಿ ಹೀಗಿದೆ. ಗ್ರಾಮಸಭೆ ಸೇರಿ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸಬೇಕು. ಅದರಲ್ಲಿ ಕನಿಷ್ಠ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಒಟ್ಟಾರೆ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು. ವೈಯಕ್ತಿಕ ಜಮೀನಿಗೆ ಫಾರಂ ಎ, ಸಮುದಾಯ ಹಕ್ಕಿಗೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಿ. ಹಾಡಿಗಳಲ್ಲಿ ಎ ಮಾತ್ರ ತುಂಬಿಸಿ ಬಿ, ಸಿ ಬಿಟ್ಟುಬಿಡುವುದೇ ಹೆಚ್ಚು, ಆಹಾರದ ಕೆಲಸಕ್ಕೆ ಬೇಕಾಗಿರುವುದು ಆ ಎರಡೇ. ಸಮಿತಿ ಸ್ಥಳ ನೋಡಿ ಬಂದ ಮೇಲೆ ಗ್ರಾಮಸಭೆಯ ನಿರ್ಣಯ. ಸಭೆಗೆ ಅರ್ಧದಷ್ಟಾದರೂ ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಸಹಿ ಪುಸ್ತಕ ಜೋಪಾನ. ಅಲ್ಲಿಂದ ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಇಲ್ಲದೆ ನಮ್ಮ ಒಂದು ಕಡತ ಮೂರು ಸಲ ‘ಬಂದೇ ಇಲ್ಲ’ ಆಗಿತ್ತು.

ಸಭೆಯನ್ನು ಕೂಲಿಯ ಹೊತ್ತಿನಲ್ಲಿ ಕರೆಯಬೇಡಿ. ಸಂಜೆ ತಡವಾಗಿಯೂ ಬೇಡ, ಆನೆ ಓಡಾಡುವ ಹೊತ್ತು ಅದು. ಮಾತು ಕನ್ನಡದಲ್ಲಿ ನಡೆದರೆ ಗಂಡಸರು ಮಾತಾಡುತ್ತಾರೆ. ಜೇನುನುಡಿಯಲ್ಲೋ ಸೋಲಿಗ ನುಡಿಯಲ್ಲೋ ಶುರು ಮಾಡಿಸಿದರೆ ಹಿಂದೆ ಕೂತ ಹೆಂಗಸರ ದನಿ ಬರುತ್ತದೆ.

ಕಾಡಿನಿಂದ ತರುವುದಕ್ಕೆ ಕಟ್ಟಳೆ

ಹಕ್ಕಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಬಾಚಿ ತರುವುದೇ? ಈ ಪ್ರಶ್ನೆಯನ್ನು ಅಧಿಕಾರಿಗಳು ಕೇಳುತ್ತಾರೆ, ನೀವೂ ಕೇಳಬೇಕು. ಉತ್ತರ ಒಂದೊಂದು ಗಿಡಕ್ಕೂ ಬೇರೆ.

ಗೆಣಸಿನಿಂದ ಶುರು ಮಾಡಿ, ಅದರಲ್ಲಿ ಹಳೆಯ ಕಟ್ಟಳೆ ಇನ್ನೂ ಜೀವಂತವಿದೆ. ಬಳ್ಳಿ ಒಣಗಿದ ಮೇಲೆ, ಚಳಿಯಲ್ಲಿ ಅಗೆಯುವುದು. ಗೆಣಸಿನ ತಲೆಯ ಭಾಗವನ್ನು ಬಳ್ಳಿಯ ಸಮೇತ ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚುವುದು. ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತದೆ. ಗುಂಡಿಯನ್ನು ತೆರೆದು ಬಿಡುವವರನ್ನು ಹಿರಿಯರು ಬಯ್ಯುತ್ತಾರೆ. ಈ ಬೈಗುಳವೇ ನಿಮ್ಮ ಸಂರಕ್ಷಣಾ ನಿಯಮ. ಅದನ್ನು ಗ್ರಾಮಸಭೆಯ ನಿರ್ಣಯವಾಗಿ ಬರೆಸಿ.

ಮಾಗಳಿ ಬೇರಿನದು ಉಲ್ಟಾ ಕಥೆ. ಉಪ್ಪಿನಕಾಯಿಗೆ, ಶರಬತ್ತಿಗೆ ಪೇಟೆಯಲ್ಲಿ ಬೇಡಿಕೆ ಹೆಚ್ಚಾದಂತೆ ಬೇರಿನ ಜೊತೆ ಬಳ್ಳಿಯೂ ಹೋಯಿತು. ಬೇರು ಕಿತ್ತರೆ ಗಿಡ ಸತ್ತಂತೆ. ಹಲವು ಕಡೆ ಕಲ್ಲುಬಂಡೆಯ ಸಂದಿನಲ್ಲಿ ಉಳಿದ ಬಳ್ಳಿಗಳು ಬೆರಳೆಣಿಕೆಯವು. ಇಂಥದ್ದನ್ನು ಮಾರಾಟದ ಪಟ್ಟಿಯಿಂದ ಮೊದಲೇ ಹೊಡೆದುಹಾಕಿ, ಬೀಜ ತಂದು ನರ್ಸರಿ ಮಾಡಲು ಹಾಡಿಯ ಹುಡುಗರಿಗೆ ಕೂಲಿ ಕೊಡಿ.

ನೆಲ್ಲಿಗೆ ಲೆಕ್ಕ ಬೇಕು. ಕೊಯ್ಲಿನ ಮೊದಲು, ಕಾರ್ತಿಕದ ಹೊತ್ತಿಗೆ, ಒಂದು ದಾರಿ ಹಿಡಿದು ಗುರುತು ಹಾಕಿದ ಮರಗಳನ್ನು ನೋಡುತ್ತಾ ಹೋಗಿ: ಯಾವ ಮರ ಕಾಯಿ ಹಿಡಿದಿದೆ, ಎಷ್ಟು, ಕೊಂಬೆ ಮುರಿದಿದೆಯೇ, ಕೆಳಗೆ ಸಸಿ ಇವೆಯೇ. ಇದಕ್ಕೆ ಪದವಿ ಬೇಡ, ನಾಲ್ಕು ಜನ ಮತ್ತು ಒಂದು ನೋಟ್‌ಬುಕ್ ಸಾಕು. ಕಾಯಿ ಕಡಿಮೆ ಇರುವ ವರ್ಷ ಕೊಯ್ಲು ಕಡಿಮೆ, ಕಡವೆಗೆ ಜಿಂಕೆಗೆ ನೆಲಕ್ಕೆ ಬಿದ್ದದ್ದು ಬಿಡುವುದು, ಕೊಂಬೆ ಕಡಿದವರಿಗೆ ದಂಡ. ಇವನ್ನೆಲ್ಲ ಲೆಕ್ಕ ಮುಂದಿಟ್ಟು ಸಭೆಯೇ ತೀರ್ಮಾನಿಸಲಿ. ಈ ನಡಿಗೆಯಲ್ಲಿ ಬದನಿಕೆ ಎಂಬ ಪರಾವಲಂಬಿ ಗಿಡವನ್ನೂ ನೋಡಿ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ನೆಲ್ಲಿ ಮರದ ರಸ ಹೀರಿ ಮರವನ್ನು ಒಣಗಿಸುತ್ತದೆ.

ಇಲ್ಲೊಂದು ವಾದ ತಪ್ಪದೆ ಎದುರಾಗುತ್ತದೆ. ಹಿಂದೆ ಬೇಸಿಗೆ ಬಲಿಯುವ ಮೊದಲೇ, ತರಗೆಲೆ ಮಾತ್ರ ಸುಡುವ ಸಣ್ಣ ಬೆಂಕಿ ಹಾಕುತ್ತಿದ್ದೆವು, ಅದು ‘ತರಗು ಬೆಂಕಿ’, ಅದರಿಂದ ಉಪ್ಪಿಲೂ ಲಂಟಾನ ಎಂಬ ಕಳೆಯೂ ಹತೋಟಿಯಲ್ಲಿದ್ದವು, ಬೆಂಕಿ ನಿಲ್ಲಿಸಿದ ಮೇಲೆ ಲಂಟಾನ ಕಾಡನ್ನೇ ನುಂಗಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ನನಗೂ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಹಾಗೆಂದು ನೀವು ಬೆಂಕಿಪೊಟ್ಟಣ ಹಿಡಿಯಬೇಡಿ. ಕಾಡಿಗೆ ಬೆಂಕಿ ಹಚ್ಚುವುದು ಕಾನೂನಿನಲ್ಲಿ ಅಪರಾಧ, ಜೈಲಿಗೆ ಹೋಗುವವರು ಹಾಡಿಯ ಹುಡುಗರು. ಅಲ್ಲದೆ ಲಂಟಾನ ತುಂಬಿದ ಈಗಿನ ಕಾಡಿನಲ್ಲಿ ಬೆಂಕಿ ತರಗಿಗೆ ನಿಲ್ಲುವುದಿಲ್ಲ, ಮರದ ತಲೆಗೇರುತ್ತದೆ. ವಿಷಯವನ್ನು ಗ್ರಾಮಸಭೆಯ ನಿರ್ವಹಣಾ ಯೋಜನೆಯಲ್ಲಿ ಬರೆಸಿ, ಇಲಾಖೆಯ ಮುಂದೆ ಇಡಿ. ಅಲ್ಲಿಯವರೆಗೆ ಲಂಟಾನವನ್ನು ಬುಡಸಮೇತ ಕಿತ್ತು ಕುರ್ಚಿ, ಬುಟ್ಟಿ ಮಾಡುವ ಕೆಲಸವಿದೆ, ಮಲೆ ಮಹದೇಶ್ವರ ಬೆಟ್ಟದ ಕಡೆ ಅದರಲ್ಲಿ ನುರಿತವರಿದ್ದಾರೆ. ಕಿತ್ತ ಜಾಗದಲ್ಲಿ ಮೊದಲ ಮಳೆಗೇ ಸೊಪ್ಪು ಏಳುವುದನ್ನು ಹೆಂಗಸರಿಗೆ ಹೇಳಬೇಕಾಗಿಲ್ಲ, ನಿಮಗಿಂತ ಮೊದಲೇ ಅಲ್ಲಿರುತ್ತಾರೆ.

ಜೇನಿಗೆ ಬರೋಣ. ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿ ನಾಲ್ಕೂ ಬೇರೆ ಬೇರೆ, ಬೇರೆ ಬೇರೆಯಾಗಿಯೇ ಸಂಗ್ರಹಿಸಬೇಕು. ಮಾರುಕಟ್ಟೆಗೆ ಬರುವ ಕಾಡುಜೇನು ಬಹುಪಾಲು ಹೆಜ್ಜೇನಿನದು. ಇಡೀ ಹಲ್ಲೆಯನ್ನು ಕೊಯ್ದು ಹಿಂಡಿದರೆ ಮರಿಯ ರಸವೂ ಪರಾಗವೂ ಸೇರಿ ಜೇನು ಬೇಗ ಹುಳಿಯುತ್ತದೆ, ಗೂಡೂ ನಾಶ. ಜೇನು ತುಂಬಿದ ತಲೆಭಾಗವನ್ನು ಮಾತ್ರ ಕೊಯ್ದು, ಮರಿಯಿರುವ ಭಾಗ ಬಿಟ್ಟರೆ ಹುಳ ಉಳಿಯುತ್ತದೆ. ಹೀಗೆ ಕೊಯ್ಯುವ ಹಿರಿಯರು ಇನ್ನೂ ಇದ್ದಾರೆ, ಹುಡುಗರಿಗೆ ಅವರಿಂದಲೇ ಕಲಿಸಿ. ಮುಚ್ಚಳ ಬಿದ್ದ ಕಣ ಹೆಚ್ಚಿದ್ದರೆ ಜೇನು ಬಲಿತಿದೆ ಎಂದರ್ಥ. ಹಗ್ಗ, ಏಣಿ, ಹೊಗೆ ಇವುಗಳಿಗೆ ಹಣ ಮೀಸಲಿಡಿ. ಹತ್ತುವವರಿಗೆ ಅಪಘಾತ ವಿಮೆ ಮಾಡಿಸದೆ ಒಂದು ಕೆಜಿ ಜೇನನ್ನೂ ಕೊಳ್ಳಬೇಡಿ.

ಹೊಲ, ಹಿತ್ತಿಲು, ಬೀಜ

ಸೋಲಿಗರ ಹಳೆಯ ಹೊಲದಲ್ಲಿ ರಾಗಿಯ ಜೊತೆ ಅವರೆ, ತೊಗರಿ, ಸಾಸಿವೆ, ಜೋಳ, ಕೀರೆ, ಕುಂಬಳ ಒಟ್ಟೊಟ್ಟಿಗೆ ಬೆಳೆಯುತ್ತಿದ್ದವು. ಕೊಯ್ಲಾದ ಮೇಲೆ ರೊಟ್ಟಿ ಹಬ್ಬ. ಹೊಸ ರಾಗಿಯ ರೊಟ್ಟಿ ದೇವರಿಗೆ ಇಟ್ಟ ಮೇಲೆಯೇ ಮನೆಯವರು ತಿನ್ನುವುದು. ಬೀಜದ ಕೆಲಸ ಶುರು ಮಾಡಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ, ಏಕೆಂದರೆ ಯಾರ ಹೊಲದ ರಾಗಿ ಚೆನ್ನಾಗಿದೆ ಎಂಬ ಚರ್ಚೆ ಅಂದು ತಾನಾಗಿಯೇ ನಡೆಯುತ್ತದೆ.

ಬೀಜ ಬ್ಯಾಂಕಿಗೆ ಕಟ್ಟಡ ಬೇಡ. ಮೂರು ಮನೆಗಳಲ್ಲಿ, ಮೂವರು ಹೆಂಗಸರ ಹೊಣೆಯಲ್ಲಿ ಇರಲಿ. ಒಂದು ಮನೆಗೆ ಆನೆ ಬಂದರೂ ಎರಡು ಉಳಿಯುತ್ತವೆ. ಒಣಗಿಸಿ, ಬೂದಿ ಬೆರೆಸಿ, ಸೋರೆ ಬುರುಡೆಯಲ್ಲೋ ಮಡಕೆಯಲ್ಲೋ ತುಂಬಿ, ಲಕ್ಕಿ ಸೊಪ್ಪು ಅಥವಾ ಬೇವಿನ ಸೊಪ್ಪು ಮುಚ್ಚಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆಯೇ ಕಾಯುತ್ತದೆ. ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಎಷ್ಟು ತಂದುಕೊಡಬೇಕು ಎಂಬುದನ್ನು ಅವರೇ ಮಾತಾಡಿಕೊಳ್ಳಲಿ. ಪ್ಲಾಸ್ಟಿಕ್ ಡಬ್ಬಿ, ಬಾರ್‌ಕೋಡು ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಿಸದ ಹಾಗೆ ಇರಿ.

ಹಿತ್ತಿಲಿನಲ್ಲಿ ಏನು ನೆಡಬಾರದು ಎಂಬುದೂ ಮುಖ್ಯ. ಆನೆದಾರಿಯ ಪಕ್ಕದ ಹಾಡಿಯಲ್ಲಿ ಗೋಡೆಗೆ ತಾಗಿದಂತೆ ಬಾಳೆ, ಹಲಸು ನೆಡಿಸುವುದು ಆನೆಗೆ ಮನೆಯ ವಿಳಾಸ ಬರೆದುಕೊಟ್ಟಂತೆ. ಗೆಣಸನ್ನು ನೆಲದಲ್ಲಿ ನೆಟ್ಟರೆ ಹಂದಿಗೆ. ಮಣ್ಣು ತುಂಬಿದ ಗೋಣಿಚೀಲದಲ್ಲಿ, ಮನೆಯ ಕಡೆ ಮಗ್ಗುಲಿಗೆ ಇಟ್ಟರೆ ಸ್ವಲ್ಪ ಉಳಿಯುತ್ತದೆ. ನುಗ್ಗೆ, ಕರಿಬೇವು, ಒಂದೆಲಗ, ಬಸಳೆ, ಹಾಗಲ ಇವು ಕಡಿಮೆ ತಂಟೆಯವು. ಗೆಡ್ಡೆ ಗೆಣಸಿನಲ್ಲಿ ನಿಜವಾದ ಪಾಂಡಿತ್ಯ ಇರುವುದು ಜೋಯಿಡಾದ ಕುಣಬಿಯರಲ್ಲಿ. ಅವರ ಗೆಡ್ಡೆ ಗೆಣಸು ಮೇಳಕ್ಕೆ ಹಾಡಿಯಿಂದ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ. ನೀವು ಕೊಡುವ ಹತ್ತು ತರಬೇತಿಗಿಂತ ಅಲ್ಲಿ ಗಂಟಿಗೆ ಕಟ್ಟಿ ತರುವ ಬಿತ್ತನೆ ಗೆಡ್ಡೆ ಹೆಚ್ಚು ಕೆಲಸ ಮಾಡುತ್ತದೆ.

ಸರ್ಕಾರದಿಂದ ಬರುವ ಊಟ

ಕಾಡು, ಹೊಲ ಎರಡೂ ಇದ್ದರೂ ಇವತ್ತು ಹೆಚ್ಚಿನ ಹಾಡಿಗಳ ಹೊಟ್ಟೆ ತುಂಬಿಸುವುದು ಪಡಿತರದ ಅಕ್ಕಿ. ಅದನ್ನು ಕಡೆಗಣಿಸಿ ಬರೀ ಕಾಡು ಸೊಪ್ಪಿನ ಗುಣಗಾನ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ. ಮೊದಲು ಯಾರಿಗೆ ಚೀಟಿ ಇಲ್ಲ, ಯಾರ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ, ಯಾವ ಮಗುವಿನ ಹೆಸರು ಅಂಗನವಾಡಿಯಲ್ಲಿ ಇಲ್ಲ ಎಂದು ಮನೆ ಮನೆ ನೋಡಿ. ಜೇನುಕುರುಬ, ಕೊರಗ ಮುಂತಾದವರಿಗೆ ಬೇಳೆ, ಎಣ್ಣೆ, ಮೊಟ್ಟೆ, ತುಪ್ಪ, ಬೆಲ್ಲದ ಪೌಷ್ಟಿಕ ಆಹಾರ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಿಂದ ಬರುತ್ತದೆ. ಬಂದ ಚೀಲವನ್ನು ತೂಗಿ ನೋಡುವ ಅಭ್ಯಾಸ ಸಂಘದ ಹೆಂಗಸರಿಗೆ ಆದರೆ ಅದೊಂದೇ ದೊಡ್ಡ ಸಾಧನೆ.

ಆಮೇಲೆ ಸೇರಿಸುವ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವಷ್ಟು ಇಲ್ಲ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇದೆ. ಅಂಗನವಾಡಿ ಅಕ್ಕನ ಜೊತೆ ಕೂತು, ವಾರಕ್ಕೆರಡು ದಿನ ಹಾಡಿಯ ಹೆಂಗಸರೇ ತರುವ ಸೊಪ್ಪು ಸಾರಿಗೆ ಸೇರಲಿ ಎಂದು ಒಪ್ಪಿಸಿ. ಯಾವ ಸೊಪ್ಪು ಎಂದು ಹಿರಿಯರು ಗುರುತಿಸಿದ್ದೇ ಆಗಬೇಕು, ಅನುಮಾನದ್ದು ಬೇಡ. ಹಾಡಿಯಿಂದ ಅಂಗನವಾಡಿ ದೂರವಿದ್ದು ನಡುವೆ ಕಾಡಿದ್ದರೆ ಬಸುರಿ ಹೆಂಗಸು ಊಟಕ್ಕಾಗಿ ದಿನಾ ನಡೆದು ಬರುವುದಿಲ್ಲ. ಊಟ ಅಲ್ಲಿಗೇ ಹೋಗುವಂತೆ ಅಥವಾ ಮಿನಿ ಅಂಗನವಾಡಿಗೆ ಅರ್ಜಿ ಹಾಕುವುದು ನಿಮ್ಮ ಕೆಲಸ. ಇನ್ನೊಂದು ಮಾತು: ಜೇನು ಸಿಗುವ ಊರೆಂದು ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದು ಬೇಡ, ಅದರಿಂದ ಬೊಟುಲಿಸಂ ಎಂಬ ವಿಷಬಾಧೆಯ ಭಯ ಇದೆ.

ಮಾರಾಟ, ಎಲ್ಲಕ್ಕಿಂತ ಕೊನೆಗೆ

ಮನೆಗೆ ಬೇಕಾದಷ್ಟು ಎತ್ತಿಟ್ಟ ಮೇಲೆ ಉಳಿದದ್ದು ಮಾತ್ರ ಮಾರಾಟಕ್ಕೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಖರೀದಿ ಪುಸ್ತಕದಲ್ಲಿ ‘ಮನೆಗೆ ಉಳಿಸಿದ್ದು’ ಎಂಬ ಕಲಂ ಇರಲಿ. ಒಂದು ವರ್ಷ ನಾವು ಒಳ್ಳೆಯ ಬೆಲೆ ಕೊಟ್ಟೆವು ಎಂಬ ಖುಷಿಯಲ್ಲಿದ್ದಾಗ, ಹಾಡಿಯ ಒಂದು ಮನೆಯಲ್ಲೂ ಮಕ್ಕಳಿಗೆ ಜೇನು ಉಳಿದಿರಲಿಲ್ಲ.

ಹೆಜ್ಜೇನಿನಲ್ಲಿ ನೀರಿನ ಅಂಶ ಹೆಚ್ಚು. ಆಹಾರ ಸುರಕ್ಷತಾ ಮಾನದಂಡ ಶೇ 20ನ್ನು ಮೀರಬಾರದು ಎನ್ನುತ್ತದೆ. ಮೀರಿದ್ದು ಬಾಟಲಿಯಲ್ಲೇ ನೊರೆ ಬಂದು ಹುಳಿಯುತ್ತದೆ. ನೀರಿನ ಅಂಶ ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಒಂದನ್ನು ಖರೀದಿ ಜಾಗದಲ್ಲೇ ಇಟ್ಟು, ತಂದವರ ಕಣ್ಣ ಮುಂದೆ ಅಳೆಯಿರಿ. ಅವರೂ ಅದರಲ್ಲಿ ಕಣ್ಣಿಟ್ಟು ನೋಡಲಿ. ಸಣ್ಣ ತಯಾರಕರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಘದ ಹೆಸರಿನಲ್ಲೇ ಆಗಲಿ, ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಬೇಡ.

ಲ್ಯಾಂಪ್ಸ್ ಸೊಸೈಟಿ ಸರಿಯಾಗಿ ನಡೆಯುತ್ತಿದ್ದರೆ ಅದನ್ನೇ ಬಲಪಡಿಸಿ, ಪಕ್ಕದಲ್ಲಿ ಇನ್ನೊಂದು ಅಂಗಡಿ ತೆರೆಯಬೇಡಿ. ಕಾಡಿನ ಉತ್ಪನ್ನವನ್ನು ಸಂಸ್ಕರಿಸಿ ಮಾರಲೆಂದು 2018ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ವನ್‌ ಧನ್ ಯೋಜನೆಯಲ್ಲಿ ತಲಾ 20 ಜನರ 15 ಸಂಘಗಳು ಸೇರಿ ಒಂದು ಕೇಂದ್ರ, 300 ಜನರಿಗೆ 15 ಲಕ್ಷ ರೂಪಾಯಿವರೆಗೆ ನೆರವು. ಕೇಳಲು ಚೆನ್ನ. ಆದರೆ ಹತ್ತಾರು ಕಿಲೋಮೀಟರ್ ದೂರದ ಹಾಡಿಗಳನ್ನು ಕಾಗದದಲ್ಲಿ ಒಂದು ಗುಂಪು ಮಾಡಿದರೆ ಯಂತ್ರ ಬಂದ ಊರಿಗೆ ಮಾತ್ರ ಅದು ಸೇರುತ್ತದೆ. ಯಂತ್ರ ಎಲ್ಲಿಡುವುದು ಎಂಬುದನ್ನು ಅರ್ಜಿಗೆ ಮೊದಲೇ ತೀರ್ಮಾನಿಸಿ. ಸಾಗಾಣಿಕೆಗೆ ಪರವಾನಗಿ ಬೇಕಾದರೆ ಕಾಯ್ದೆಯ ನಿಯಮದಂತೆ ಅದನ್ನು ಕೊಡುವುದು ಗ್ರಾಮಸಭೆ ರಚಿಸಿದ ಸಮಿತಿ. ಚೆಕ್‌ಪೋಸ್ಟಿನಲ್ಲಿ ತೋರಿಸಲು ನಿಯಮದ ಪ್ರತಿ ಗಾಡಿಯಲ್ಲೇ ಇರಲಿ.

ಕೂಲಿ, ತಿಳಿವಳಿಕೆ, ಲೆಕ್ಕದ ಪುಸ್ತಕ

ಪೇಟೆಯಿಂದ ಬರುವ ತಜ್ಞರಿಗೆ ದಿನಕ್ಕೆ ಸಾವಿರಗಟ್ಟಲೆ, ಮೂವತ್ತು ಸೊಪ್ಪು ಗುರುತಿಸುವ ಅಜ್ಜಿಗೆ ಟೀ ಮತ್ತು ಬಿಸ್ಕತ್ತು. ಈ ಲೆಕ್ಕವನ್ನು ನಿಮ್ಮ ಬಜೆಟ್ಟಿನಲ್ಲೇ ತಿದ್ದಿ. ಅವರಿಗೂ ಸಂಪನ್ಮೂಲ ವ್ಯಕ್ತಿಯ ಸಂಭಾವನೆ ಬರೆಯಿರಿ, ಬ್ಯಾಂಕಿಗೆ ಹಾಕಿ. ಕ್ಷೇತ್ರದ ಕೆಲಸಕ್ಕೆ ಹಾಡಿಯವರನ್ನೇ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಫೇಲಾದವರೆಂದು ಬಿಡಬೇಡಿ. ನೆಲ್ಲಿ ಲೆಕ್ಕ ಮಾಡಲು ಕಾಡು ಗೊತ್ತಿರಬೇಕು, ಅಂಕಪಟ್ಟಿಯಲ್ಲ.

2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲೆ ಮಾಡಬೇಕು. ಹಾಡಿಯ ತಿಳಿವಳಿಕೆ ಅದರಲ್ಲಿ ಸೇರಲಿ, ಆದರೆ ಯಾವುದು ಸೇರಬೇಕು ಎಂದು ಅವರನ್ನು ಕೇಳಿ. ಊಟದ ಸೊಪ್ಪಿನ ಹೆಸರು ಕೊಡುವವರು ಮದ್ದಿನ ಬೇರು ಇರುವ ಜಾಗ ಹೇಳದಿರಬಹುದು. ಅದು ಅವರ ಇಷ್ಟ. ‘ಬರೆಯಬೇಡ’ ಎಂದದ್ದನ್ನು ಕೋಡ್ ಹಾಕಿಯೂ ಬರೆಯಬೇಡಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕುವ ಮಾತೇ ಇಲ್ಲ.

ಯೋಜನೆಯ ಹಣ ನಿಲ್ಲುವ ಆರು ತಿಂಗಳು ಮೊದಲೇ ಒಂದು ಪಟ್ಟಿ ಮಾಡಿ: ತಕ್ಕಡಿ, ರಿಫ್ರಾಕ್ಟೋಮೀಟರ್, ಹಗ್ಗ, ಜಿಪಿಎಸ್, ನಕ್ಷೆ, ಖರೀದಿ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್. ಒಂದೊಂದೂ ಯಾರ ಮನೆಯಲ್ಲಿ, ಯಾರ ಹೊಣೆಯಲ್ಲಿ ಉಳಿಯುತ್ತದೆ ಎಂದು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ಸಂಸ್ಥೆಯಿಂದ ಲಿಖಿತವಾಗಿ ಬಿಟ್ಟುಕೊಡಿಸಿ. ನಮ್ಮ ಒಂದು ಯೋಜನೆ ಮುಗಿದಾಗ ಇದನ್ನು ಮಾಡಲಿಲ್ಲ. ತಕ್ಕಡಿ ಆಸ್ತಿ ಪಟ್ಟಿಯಲ್ಲಿದೆ ಎಂದು ಪೇಟೆಯ ಗೋದಾಮಿಗೆ ವಾಪಸು ಹೋಯಿತು. ಮುಂದಿನ ಜೇನಿನ ಕಾಲಕ್ಕೆ ಹಳೆಯ ವ್ಯಾಪಾರಿ ತನ್ನ ತಕ್ಕಡಿಯನ್ನೇ ತಂದ.